ಬದುಕಿದ್ದ ಅವ್ವನಿಗೆ ಗಂಧದ ಹಾರ

ಚನ್ನಗಿರಿಯಲ್ಲಿ ನಮ್ಮ ಬೀದಿಗೆ ನಲ್ಲಿ ನೀರು ಬಿಡುವುದು ಸರಿಯಾಗಿ ಅಡುಗೆ ಹೊತ್ತಿಗೆ. ಒಲೆಯ ಮೇಲೆ ಸಾರು ಕುದಿಯುತ್ತಿದ್ದರೂ ಬಿಟ್ಟು ಡ್ರಮ್ಮಿಗೆ ಪೈಪು ಹಾಕಲು ಓಡಬೇಕು. ಅವತ್ತೂ ಹಾಗೇ ಓಡಿ ಬಂದು, ಸೋರುವ ಪೈಪಿನ ಬಾಯಿಗೆ ಹಳೆ ಬಟ್ಟೆ ಸುತ್ತುತ್ತಿದ್ದೆ. ಎದುರು ಮನೆಯಾಕೆ ತಮ್ಮನ ಕಾರಿನಿಂದ ಇಳಿದಳು. ಬಳೆ ಅಂಗಡಿಯವಳು, ನನ್ನನ್ನು ಅಕ್ಕಾ ಅಂತಲೂ, ನಮ್ಮ ಮನೆಯಲ್ಲೇ ಇರುವ ನನ್ನ ತಾಯಿಯನ್ನು ಅವ್ವಾ ಅಂತಲೂ ಕರೆಯುವವಳು. ತಂಗಿಯ ಬಾಣಂತನಕ್ಕೆಂದು ನ್ಯಾಮತಿಯ ತವರಿಗೆ ಹೋದವಳು ತಿಂಗಳ ಮೇಲಾದರೂ ಬಂದಿರಲಿಲ್ಲ.

ಕೈಯಲ್ಲಿದ್ದ ಚೀಲ ಕೆಳಗಿಟ್ಟವಳೇ ಬಂದು ನನ್ನನ್ನು ತಬ್ಬಿಕೊಂಡು ಅಳತೊಡಗಿದಳು.

"ಒಂದು ಫೋನಾದ್ರೂ ಮಾಡಬಾರ್ದಿತ್ತಾ ಅಕ್ಕಾ? ನಾನೇನು ಹೊರಗಿನೋಳಾ? ಮಣ್ಣಿಗೂ ಕರೀಲಿಲ್ಲ ನೀವು."

"ಯಾರ ಮಣ್ಣಿಗೆ?" ಅಂದೆ. ನನ್ನ ಕೈಯಿಂದ ಪೈಪು ಜಾರಿ ಇಬ್ಬರ ಕಾಲ ಮೇಲೂ ನೀರು ಸುರಿಯುತ್ತಿತ್ತು.

ಅಷ್ಟರಲ್ಲಿ ಒಳಗಿನಿಂದ ಅವ್ವ ಬಂದಳು. ಬೆಳ್ಳುಳ್ಳಿ ಸುಲಿಯುತ್ತಿದ್ದಳು, ಸೆರಗಿನ ತುಂಬ ಸಿಪ್ಪೆ. "ಯಾಕವ್ವಾ ಅಳ್ತೀಯ? ಬಾಣಂತಿ ಹುಷಾರಾಗಿದಾಳಾ?"

ಎದುರು ಮನೆಯಾಕೆ ಅವ್ವನನ್ನು ನೋಡಿ "ಯಾ ಅಲ್ಲಾ!" ಎಂದು ಕಟ್ಟೆಯ ಮೇಲೆ ಕುಸಿದು ಕೂತಳು. ಮುಖದ ಬಣ್ಣವೇ ಇಳಿದುಹೋಗಿತ್ತು. ಸ್ವಲ್ಪ ಹೊತ್ತಿಗೆ ಹೇಗೋ ಸುಧಾರಿಸಿಕೊಂಡು, "ಏನಿಲ್ಲವ್ವಾ, ನಿಮ್ಮನ್ನ ನೋಡಿ ಖುಷಿ ಆಯ್ತು" ಅಂದಳು.

"ನನ್ನ ನೋಡಿ ಇಷ್ಟು ಅಳೋ ಅಂಥ ಖುಷಿ ಯಾರಿಗೂ ಆಗಿರ್ಲಿಲ್ಲ ಬಿಡು" ಎಂದು ಅವ್ವ ಒಳಗೆ ಹೋದಳು.

ಎದುರು ಮನೆಯಾಕೆ ನನ್ನನ್ನು ಅಡುಗೆಮನೆಗೆ ಕರೆದು, ಬಾಗಿಲು ಮುಂದೆ ಮಾಡಿ ಫೋನು ತೆಗೆದು ತೋರಿಸಿದಳು. ನ್ಯಾಮತಿಯಿಂದ ಬರುವಾಗ ಅವಳ ತಮ್ಮ ತನ್ನ ಮಕ್ಕಳಿಗೆ ತೋರಿಸೋಣವೆಂದು ಕೆರೆಬಿಳಚಿ ದಾಟಿ ದೊಡ್ಡ ಕೆರೆಯ ಹತ್ತಿರ ಹೊಸದಾಗಿ ಆಗಿರುವ ಪಾರ್ಕಿಗೆ ಕಾರು ತಿರುಗಿಸಿದ್ದನಂತೆ. ಫೋಟೋದಲ್ಲಿ ಪಾರ್ಕಿನ ಗೇಟು, ಗೇಟಿನ ಪಕ್ಕದಲ್ಲಿ ಆಳೆತ್ತರದ ಫೈಬರ್ ಗೊಂಬೆ. ಗೊಂಬೆಯ ಮುಖ ನಮ್ಮ ಅವ್ವನದು. ಎರಡೂ ಕಡೆ ಮೂಗುಬೊಟ್ಟು, ಗದ್ದದ ಎಡಕ್ಕೆ ದಪ್ಪ ಮಚ್ಚೆ, ಸೊಂಟದಲ್ಲಿ ಎಲೆಅಡಿಕೆ ಚೀಲ. ಕೊರಳಲ್ಲಿ ಗಂಧದ ಹಾರ. ಕಾಲ ಹತ್ತಿರ ದೀಪ ಉರಿಯುತ್ತಿತ್ತು.

 ಆಚೆ ಕೋಣೆಯಲ್ಲಿ ಅವ್ವ ಕೆಮ್ಮಿದ್ದು ಕೇಳಿಸಿದಾಗಲೇ ನಾನು ಉಸಿರು ಬಿಟ್ಟದ್ದು.

"ನಿಮ್ಮ ಯಜಮಾನ್ರೇ ಅವ್ವನ ನೆನಪಿಗೆ ನಿಲ್ಸಿದಾರೆ ಅಂದ್ಕೊಂಡೆ" ಅಂದಳು ಅವಳು.

ನನ್ನ ಗಂಡನ ಸ್ಕೂಟರ್ ಬಿಡಿಭಾಗದ ಅಂಗಡಿಯ ಮುಂದೆ ಒಂದು ಬೋರ್ಡು ನಿಲ್ಲಿಸುವುದಕ್ಕೇ ಅವರು ವರ್ಷಗಟ್ಟಲೆ ಯೋಚಿಸಿದವರು. ಅತ್ತೆಗೆ ಗೊಂಬೆ ನಿಲ್ಲಿಸುತ್ತಾರೆಯೇ! ಆದರೆ ಆ ಮುಖ ಅಲ್ಲಿಗೆ ಹೇಗೆ ಹೋಯಿತು ಎಂಬುದು ನನಗೆ ಆಗಲೇ ಅರ್ಧ ಹೊಳೆದಿತ್ತು.

ನನ್ನ ಮಗಳು ಇಲ್ಲೇ ಒಂದು ಫ್ಲೆಕ್ಸ್ ಅಂಗಡಿಯಲ್ಲಿ ಕಂಪ್ಯೂಟರ್ ಮುಂದೆ ಕೂತು ಬ್ಯಾನರು ಮಾಡುತ್ತಾಳೆ. ಹುಟ್ಟುಹಬ್ಬ, ಗೃಹಪ್ರವೇಶ, ಶ್ರದ್ಧಾಂಜಲಿ, ಎಲ್ಲವೂ ಅವಳ ಕೈಯಲ್ಲೇ. ಮನೆಗೆ ಬಂದ ಮೇಲೆ ಕಾಲೇಜಿನ ಗೆಳತಿಯ ಜೊತೆ ಸೇರಿ ಫೋನಿನಲ್ಲಿ ಆಡುವ ಒಂದು ಆಟ ಮಾಡಿದ್ದಳು. ಮಾಳಿಗೆಯ ಮೇಲೆ ಸಂಡಿಗೆ ಒಣಹಾಕಿದ ಅಜ್ಜಿ, ಅದನ್ನು ಕದಿಯಲು ಬರುವ ಕೋತಿಗಳು, ಅಜ್ಜಿ ಕೋಲು ಹಿಡಿದು ಓಡಿಸಬೇಕು. ಹೊನ್ನಾಳಿಯ ನಮ್ಮ ತವರುಮನೆಯ ಮಾಳಿಗೆಯನ್ನೇ ಬರೆದಿದ್ದಳು. ಅಲ್ಲಿನ ಒಡೆದ ಮೆಟ್ಟಿಲೂ ಬಿಟ್ಟಿರಲಿಲ್ಲ. ಅಜ್ಜಿಯ ಮುಖಕ್ಕೆ ನಮ್ಮ ಅವ್ವನದೇ ಮುಖ. ಊರಿನ ಹುಡುಗರು, ಬಸವಾಪಟ್ಟಣದ ಕಡೆಯವರು, ದಾವಣಗೆರೆ ಕಾಲೇಜಿನವರು ಎಲ್ಲ ಆಡುತ್ತಿದ್ದರು. ನಾನೂ ಸಾರು ಕುದಿಯುವವರೆಗೆ ಒಂದೆರಡು ಕೋತಿ ಓಡಿಸುತ್ತಿದ್ದೆ. ಅವ್ವನಿಗೆ ಮಾತ್ರ ಫೋನೆಂದರೆ ಮಾತಾಡುವುದಕ್ಕೆ. ಮೊಮ್ಮಗಳು ಏನೋ ಆಟ ಮಾಡಿದ್ದಾಳೆ ಎಂಬಷ್ಟೇ ಗೊತ್ತಿತ್ತು.

ಮಗಳು ಫೋಟೋವನ್ನು ಬೆರಳಲ್ಲಿ ಎಳೆದು ದೊಡ್ಡದು ಮಾಡಿ ನೋಡಿದಳು. "ನಂದು ಅಮ್ಮಾ ಇದು. ನಾನು ಬರೆದಿದ್ದು. ಸೀರೆ ಅಂಚೂ ಸಮೇತ ಎತ್ತಿದಾನೆ."

"ನಿಂದಿರ್ಲಿ, ಅವ್ವಂದು ಏನ್ ಗತಿ?" ಅಂದೆ.

ಅವ್ವನಿಗೆ ಎಂಬತ್ತು ದಾಟಿದೆ. ಗಟ್ಟಿ ಜೀವ. ಆದರೆ ಶಕುನದ ವಿಷಯದಲ್ಲಿ ಬಹಳ ಸೂಕ್ಷ್ಮ. ಬದುಕಿದ್ದವರ ಫೋಟೋ ಗೋಡೆಯ ಮೇಲೆ ಎತ್ತರಕ್ಕೆ ಕಂಡರೆ ಇಳಿಸು ಅನ್ನುತ್ತಾಳೆ. ಹೊಸ್ತಿಲ ಮೇಲೆ ನಿಂತು ಸೀನಿದವರನ್ನು ಕೂರಿಸಿ ನೀರು ಕುಡಿಸಿ ಕಳಿಸುತ್ತಾಳೆ. ಅಂಥವಳಿಗೆ ತನ್ನ ಮುಖಕ್ಕೇ ಹಾರ ಹಾಕಿ ದೀಪ ಹಚ್ಚಿದ್ದಾರೆಂದು ತಿಳಿದರೆ ಅವತ್ತಿನಿಂದ ಅನ್ನ ಬಿಟ್ಟಾಳು ಎಂದು ನನಗೆ ಹೆದರಿಕೆ. ತಿಳಿಯುವ ಮೊದಲೇ ತೆಗೆಸಬೇಕು ಎಂದು ಮಾರನೆಯ ದಿನವೇ ತಾಯಿ ಮಗಳು ಬಸ್ಸು ಹತ್ತಿದೆವು. ಅವ್ವನಿಗೆ, ಸೀರೆಗೆ ಫಾಲ್ ಹಾಕಿಸಲು ಹೋಗುತ್ತೇವೆ ಎಂದು ಹೇಳಿದ್ದಾಯಿತು.

ಪಾರ್ಕಿನೊಳಗೆ ಕಾಲಿಟ್ಟರೆ ಮಗಳು ನಿಂತಲ್ಲೇ ನಿಂತಳು. ಎಲ್ಲವೂ ಫೋನಿನ ಆಟಗಳಿಂದ ಎದ್ದು ಬಂದವೇ. ಬಂದೂಕು ಹಿಡಿದ ದಪ್ಪ ತೋಳಿನವನು, ರೆಕ್ಕೆಯ ಕುದುರೆ, ಮೂರು ಕಣ್ಣಿನ ಹಸಿರು ಪ್ರಾಣಿ. ಅವಳು ಒಂದೊಂದನ್ನೂ ಗುರುತಿಸಿ, ಇದು ಯಾವ ದೇಶದವರದು, ಅದು ಯಾವ ಕಂಪನಿಯದು ಎಂದು ಪಿಸುಗುಡುತ್ತಿದ್ದಳು. ಮಕ್ಕಳು ಅವುಗಳ ಹೆಗಲೇರಿ ಫೋಟೋ ತೆಗೆಸಿಕೊಳ್ಳುತ್ತಿದ್ದರು. ಟಿಕೆಟಿನ ಮೇಲೂ ಅಂಥದೇ ಚಿತ್ರ. ಇಷ್ಟು ಜನರ ಸೊತ್ತನ್ನು ತಂದು ರಸ್ತೆ ಬದಿಯಲ್ಲಿ ಹಾಡಹಗಲೇ ನಿಲ್ಲಿಸಿದ್ದಾರಲ್ಲ ಎಂದು ನನಗೆ ಬೆರಗಾಯಿತು.

ಮಾಲೀಕರು ಒಳ್ಳೆಯ ಮಾತಿನವರೇ. ಕುರ್ಚಿ ಹಾಕಿಸಿ ಮಜ್ಜಿಗೆ ಕೊಡಿಸಿದರು. ವಿಷಯ ಹೇಳಿದರೆ ನಕ್ಕರು.

"ಅಕ್ಕಾರೆ, ಮೊಬೈಲ್‌ನಾಗೆ ಬಂದಿದ್ದು ಎಲ್ಲರ್ದೂ. ಗಾಳಿ ಇದ್ದಂಗೆ. ನಮ್ಮ ಹುಡುಗ್ರು ಆಡ್ತಿದ್ರು, ಅಜ್ಜಿ ಚೆಂದ ಅದಾಳೆ ಅಂತ ಪೇಂಟರ್‌ಗೆ ತೋರಿಸ್ದೆ, ಮಾಡಿಕೊಟ್ಟ."

"ಅದನ್ನ ನಾನು ಬರೆದಿದ್ದು ಸಾರ್. ನನ್ನ ಕೇಳಬೇಕಿತ್ತು" ಎಂದಳು ಮಗಳು.

"ನೀವು ಫ್ಲೆಕ್ಸ್ ಅಂಗಡಿನಾಗೆ ಇರೋರಲ್ವೇನಮ್ಮ? ನಮ್ಮ ಓಪನಿಂಗ್ ಬ್ಯಾನರ್ ನಿಮ್ಮಲ್ಲೇ ಮಾಡ್ಸಿದ್ದು. ಅದ್ರಾಗೆ ನವಿಲು ಹಾಕಿದ್ರಿ, ಜಲಪಾತ ಹಾಕಿದ್ರಿ. ಯಾವ ನವಿಲನ್ನ ಕೇಳಿ ಹಾಕಿದ್ರಿ?"

ಮಗಳ ಮುಖ ಕೆಂಪಾಯಿತು. ನಾನು ನಡುವೆ ಬಾಯಿ ಹಾಕಿದೆ. "ಅದೆಲ್ಲ ಆಮೇಲೆ ಇರ್ಲಿ ರೀ. ಮೊದ್ಲು ಆ ಹಾರ ತೆಗೀರಿ. ಅದು ನಮ್ಮವ್ವ. ಬದುಕಿದಾಳೆ."

ಅವರು ನಿಜವಾಗಿ ಬೆಚ್ಚಿದರು. ಆಟದೊಳಗಿನ ಅಜ್ಜಿಗೆ ಊರಿನಲ್ಲಿ ಒಂದು ಮನೆ ಇದ್ದೀತು ಎಂಬುದೇ ಅವರಿಗೆ ಹೊಳೆದಿರಲಿಲ್ಲ. ಪಾರ್ಕು ಶುರುವಾದ ದಿನ ಎಲ್ಲ ಗೊಂಬೆಗಳಿಗೂ ಚೆಂಡುಹೂವಿನ ಹಾರ ಹಾಕಿದ್ದರಂತೆ. ಬಾಡಿದ ಮೇಲೆ ಎಲ್ಲವನ್ನೂ ತೆಗೆದರು. ಅವರ ಅತ್ತೆಯವರು ಮಾತ್ರ, ಹಿರಿ ಹೆಂಗಸಿನ ಕೊರಳು ಬರಿದಾಗಿರಬಾರದು ಅಂದರಂತೆ. ಅದಕ್ಕೆ ಬಾಡದಿರಲಿ ಎಂದು ಗಂಧದ ಹಾರ ತಂದು ಹಾಕಿ, ಕಾಲ ಹತ್ತಿರ ದೀಪದಂಥ ಬಲ್ಬು ಇಡಿಸಿದ್ದರು.

"ಸನ್ಮಾನಕ್ಕೆ ಹಾಕಲ್ವೇನ್ರೀ ಗಂಧದ ಹಾರ? ಹಂಗೇ ಅಂತ ಹಾಕಿದ್ದು. ಗೊಂಬೆಗೆ ಸಾವು ಎಲ್ಲಿಂದ ಬರ್ತದೆ?"

ಅವರು ಹೇಳಿದ್ದೂ ಸುಳ್ಳಲ್ಲ. ನಮ್ಮ ಸಭೆ ಸಮಾರಂಭಗಳಲ್ಲಿ ಶಾಲಿನ ಜೊತೆ ಅದೇ ಹಾರ ಬರುತ್ತದೆ. ಮನುಷ್ಯರ ಕೊರಳಿಗೆ ಬಿದ್ದರೆ ಮರ್ಯಾದೆ. ಫೋಟೋಗೋ ಗೊಂಬೆಗೋ ಹಾಕಿ ಮುಂದೆ ದೀಪ ಇಟ್ಟರೆ ತಿಥಿ. ಅಷ್ಟು ತಿಳಿಯದವರಲ್ಲ ಅವರು. ಅದು ಯಾರದೋ ಮುಖ ಎಂದು ತಿಳಿದಿರಲಿಲ್ಲ, ಅಷ್ಟೇ. ಹಾರ ನಾಳೆಯೇ ತೆಗೆಸುತ್ತೇನೆ ಎಂದರು. ಗೊಂಬೆ ತೆಗೆಯುವ ಮಾತಿಗೆ ಮಾತ್ರ ತಲೆ ಅಲ್ಲಾಡಿಸಿದರು. ಬರುವವರೆಲ್ಲ ಮೊದಲು ಫೋಟೋ ತೆಗೆಸಿಕೊಳ್ಳುವುದು ಅದರ ಜೊತೆಗೇ ಅಂತೆ.

ಅವರ ನಾಳೆ ಬರುವುದರೊಳಗೆ ನಮ್ಮ ಮನೆಯ ಫೋನು ಬಡಿದುಕೊಂಡಿತು. ನಾನು ಹಿತ್ತಲಲ್ಲಿ ಪಾತ್ರೆ ಉಜ್ಜುತ್ತಿದ್ದೆ. ಅವ್ವ ಫೋನು ಎತ್ತಿ, ಅವಳ ರೂಢಿಯಂತೆ ಸ್ಪೀಕರ್ ಗುಂಡಿ ಒತ್ತಿದಳು. ಆ ಕಡೆ ಜಗಳೂರು ತಾಲ್ಲೂಕಿನ ಸೊಕ್ಕೆಯಿಂದ ಅವಳ ಅಣ್ಣನ ಮಗ.

"ಅಕ್ಕಾ, ಸುದ್ದಿ ಗೊತ್ತಾಗಿದ್ದೇ ಈಗ. ಯಾರೋ ಫೋಟೋ ಹಾಕಿದ್ರು. ನಮ್ಮತ್ತೆದು ಹನ್ನೊಂದನೇ ದಿನ ಯಾವತ್ತು? ಸೊಕ್ಕೆಯಿಂದ ಗಾಡಿ ಮಾಡ್ಕೊಂಡು ಬರ್ತೀವಿ."

"ಯಾವ ಅತ್ತೆದೋ?" ಎಂದಳು ಅವ್ವ.

"ನಮ್ಮತ್ತೆದೇ, ನಿಮ್ಮವ್ವಂದು."

"ನಿಮ್ಮತ್ತೆ ನಾನೇ ಮಾತಾಡ್ತಿದೀನಿ ಕಣೋ."

ಆ ಕಡೆ ಏನೋ ಬಿದ್ದಂತಾಯಿತು, ಫೋನು ಕಟ್ಟಾಯಿತು. ನಾನು ಬೂದಿ ಕೈಯಲ್ಲೇ ಓಡಿ ಬಂದೆ. ಅವ್ವ ಫೋನನ್ನು ತೊಡೆಯ ಮೇಲಿಟ್ಟುಕೊಂಡು ನನ್ನನ್ನೇ ನೋಡುತ್ತಿದ್ದಳು.

"ಏನೇ ಇದು? ನಾನು ಯಾವಾಗ ಹೋದೆ?"

ಇನ್ನು ಮುಚ್ಚಿಡಲು ಏನಿತ್ತು? ಎಲ್ಲ ಹೇಳಿದೆ. ಅವಳು ಅಳುತ್ತಾಳೆ, ಮಲಗಿಬಿಡುತ್ತಾಳೆ, ದೇವರ ಮುಂದೆ ಕೂರುತ್ತಾಳೆ ಎಂದೆಲ್ಲ ಕಾದೆ. ಅವಳು ಎದ್ದು ಹೋಗಿ ಟ್ರಂಕಿನಿಂದ ಒಳ್ಳೆಯ ಸೀರೆ ತೆಗೆದಳು.

"ನಡಿ. ನಾನೂ ನೋಡ್ಬೇಕು."

"ಅವ್ವಾ, ಬ್ಯಾಡ. ಅವ್ರೇ ತೆಗಿತೀನಿ ಅಂದಿದಾರೆ."

"ಊರೋರೆಲ್ಲ ನೋಡ್ಯಾರೆ, ನಾನು ನೋಡಬಾರ್ದಾ?"

ಅಂಗಡಿಯಿಂದ ಮಗಳನ್ನೂ ಹತ್ತಿಸಿಕೊಂಡು ಆಟೋದಲ್ಲಿ ಹೋದೆವು. ದಾರಿಯುದ್ದಕ್ಕೂ ನಾನು ಅವಳ ಕೈ ಹಿಡಿದೇ ಇದ್ದೆ. ಅವಳದಕ್ಕಿಂತ ನನ್ನ ಕೈಯೇ ತಣ್ಣಗಿತ್ತು.

ಹಾರ ಇನ್ನೂ ಅಲ್ಲೇ ಇತ್ತು. ಅವ್ವ ಗೊಂಬೆಯ ಎದುರು ನಿಂತಳು. ಫೋಟೋ ತೆಗೆಯುತ್ತಿದ್ದ ಜನ ಒಮ್ಮೆ ಗೊಂಬೆಯನ್ನು, ಒಮ್ಮೆ ಅವ್ವನನ್ನು ನೋಡಿ ಹಿಂದೆ ಸರಿದರು. ಒಬ್ಬಾಕೆ ಮಗುವನ್ನು ಎತ್ತಿಕೊಂಡು ದೂರ ಹೋದಳು. ಮಾಲೀಕರು ಓಡಿ ಬಂದವರು ಅರ್ಧ ದಾರಿಯಲ್ಲೇ ನಿಂತರು, ಆಮೇಲೆ ಮೆಲ್ಲಗೆ ಹತ್ತಿರ ಬಂದರು. ಬಗ್ಗಿ ಅವ್ವನ ಕಾಲು ಮುಟ್ಟಿದರು.

"ಏಳಪ್ಪ. ಜೀವ ಇರೋಳ ಕಾಲು ಮುಟ್ತೀಯ, ಅವಳ ಮುಖಕ್ಕೇ ಹಾರ ಹಾಕಿ ದೀಪ ಇಡ್ತೀಯ. ಒಂದು ಮಾತು ಕೇಳ್ಬೇಕು ಅನ್ನಿಸ್ಲಿಲ್ವಾ?"

"ತಪ್ಪಾಯ್ತು ಅಮ್ಮಾ. ಯಾರನ್ನ ಕೇಳ್ಬೇಕು ಅಂತ ಗೊತ್ತಿರ್ಲಿಲ್ಲ."

"ನಾನು ಅವತ್ತೇ ಹೇಳಿದ್ನಲ್ಲ ಸಾರ್, ನನ್ನ ಕೇಳ್ಬೇಕಿತ್ತು ಅಂತ" ಎಂದು ಮಗಳು ಮುಂದೆ ಬಂದಳು. ಅಜ್ಜಿಯ ಬಲ ಸಿಕ್ಕಿತೆಂದು ಅವಳ ಧ್ವನಿಗೂ ಜೋರು ಬಂದಿತ್ತು.

ಅವ್ವ ನಿಧಾನಕ್ಕೆ ಅವಳ ಕಡೆ ತಿರುಗಿದಳು.

"ಅವ್ನು ನಿನ್ನ ಕೇಳ್ಬೇಕಿತ್ತು. ಸರಿ. ನೀನು ನನ್ನ ಕೇಳಿದ್ಯಾ?"

ನನಗೆ ಯಾರೋ ಕೆನ್ನೆಗೆ ಹೊಡೆದಂತಾಯಿತು.  ನಮ್ಮ ಮನೆಯಲ್ಲಿ ಅವ್ವನ ಪಾತ್ರೆ, ಅವ್ವನ ಹಾಸಿಗೆ, ಅವ್ವನ ಎಲೆಅಡಿಕೆ ಚೀಲ ಯಾರೂ ಕೇಳದೆ ಮುಟ್ಟುವುದಿಲ್ಲ. ಮುಖ ಮಾತ್ರ ಮನೆಯವರೆಲ್ಲರದು ಎಂದುಕೊಂಡಿದ್ದೆವು. ಕೇಳಬೇಕಾದದ್ದು ಎಂದು ನಮಗೆ ಯಾರಿಗೂ ತೋಚಿರಲಿಲ್ಲ.

"ಪ್ರೀತಿಗೆ ಬರೆದಿದ್ದು ಅಜ್ಜಿ" ಎಂದಳು ಮಗಳು, ಸಣ್ಣ ದನಿಯಲ್ಲಿ.

"ಅವ್ನೂ ಮರ್ಯಾದೆಗೇ ಹಾರ ಹಾಕಿದ್ದಂತೆ" ಎಂದಳು ಅವ್ವ.

ಮಾಲೀಕರು ತಾವೇ ಸ್ಟೂಲು ಹತ್ತಿ ಹಾರ ಬಿಚ್ಚಿದರು, ದೀಪದ ಬಲ್ಬು ಕಿತ್ತರು. 

ಎರಡು ದಿನ ಅಜ್ಜಿ ಮೊಮ್ಮಗಳ ನಡುವೆ ಮಾತಿಲ್ಲ. ಊಟಕ್ಕೆ ಕೂತರೆ ಉಪ್ಪಿನಕಾಯಿ ಬೇಕಾದರೂ ನನ್ನ ಮೂಲಕವೇ ದಾಟಬೇಕು. ಮೂರನೆಯ ಬೆಳಿಗ್ಗೆ ಮಗಳು ಮಂಡಕ್ಕಿ ತಟ್ಟೆ ಅವ್ವನ ಮುಂದಿಟ್ಟು, ತಾನೂ ನೆಲಕ್ಕೆ ಕೂತಳು.

"ಅಜ್ಜಿ, ನಿನ್ನ ಮುಖ ನನ್ನ ಆಟದಾಗೆ ಇಟ್ಕಳ್ಳಾ?"

"ಏನೈತೆ ಅದ್ರಾಗೆ, ಪೂರ್ತಿ ತೋರ್ಸು. ನೋಡಿ ಹೇಳ್ತೀನಿ."

ಮಗಳು ಆಡಿ ತೋರಿಸಿದಳು. ಒಡೆದ ಮೆಟ್ಟಿಲು ಕಂಡು ಅವ್ವ "ಅಯ್ಯೋ, ಹೊನ್ನಾಳಿ!" ಎಂದು ನಕ್ಕಳು. ಕೋತಿಗಳು ಬಂದವು, ಫೋನಿನ ಅಜ್ಜಿ ಓಡಿದಳು. ಅವ್ವನೂ ಕೂತಲ್ಲೇ ಅತ್ತಿತ್ತ ವಾಲುತ್ತಿದ್ದಳು. ಕೊನೆಗೆ ಸಂಡಿಗೆಯೆಲ್ಲ ಕೋತಿಗಳ ಪಾಲಾದಾಗ ಫೋನಿನ ಅಜ್ಜಿ ಅಂಗಾತ ಬಿದ್ದಳು. ಕಣ್ಣು ಮೇಲೆ ಸಿಕ್ಕಿಕೊಂಡವು, ತಲೆಯ ಸುತ್ತ ನಕ್ಷತ್ರ ತಿರುಗಿದವು, ಜನರ ಗುಂಪು ನಗುವ ಸದ್ದು ಬಂತು.

ಅವ್ವನ ನಗು ನಿಂತಿತು. "ಬಿದ್ಲಾ?"

"ಹೂಂ ಅಜ್ಜಿ. ಆಟ ಮುಗೀತು ಅಂತ."

"ನಾನು ಬಿದ್ರೆ ನಗ್ತಾರಾ ಎಲ್ರೂ?"

ನಾನು ಆ ಸದ್ದನ್ನು ಅಡುಗೆಮನೆಯಲ್ಲಿ ಎಷ್ಟು ಸಲ ಕೇಳಿದ್ದೆನೋ. ಅದು ಯಾರು ಬಿದ್ದದ್ದಕ್ಕೆ ಬಂದ ನಗು ಎಂದು ಒಮ್ಮೆಯೂ ಯೋಚಿಸಿರಲಿಲ್ಲ.

"ಬೀಳೋದು ತೆಗಿ. ಸುಸ್ತಾದ್ರೆ ಕೂತ್ಕಳ್ಲಿ, ಎಲೆಅಡಿಕೆ ಹಾಕ್ಕಳ್ಲಿ" ಎಂದಳು ಅವ್ವ.

"ಬೀಳದಿದ್ರೆ ಆಟ ಮುಗಿಯಲ್ಲ ಅಜ್ಜಿ."

"ಮುಗೀದಿದ್ರೆ ಬಿಡು. ಯಾರಿಗೆ ಏನ್ ಅವಸರ?"

ಗೆಳತಿ ಫೋನಿನಲ್ಲಿ ಜಗಳವಾಡಿದಳಂತೆ, ಹೀಗೆಲ್ಲ ಮಾಡಿದರೆ ಯಾರು ಆಡುತ್ತಾರೆ ಎಂದು. ಆದರೂ ಮಗಳು ಬದಲಾಯಿಸಿದಳು. ಅವ್ವ ಇನ್ನೊಮ್ಮೆ ನೋಡಿ, ಫೋನಿನ ಅಜ್ಜಿ ಮಂಚದ ಮೇಲೆ ಕೂತು ಎಲೆಗೆ ಸುಣ್ಣ ಹಚ್ಚುವುದನ್ನು ಕಂಡು, "ಈಗ ಇಟ್ಕ" ಎಂದಳು.

ಪಾರ್ಕಿನ ಮಾಲೀಕರ ಗೊಂಬೆಗೆ ಮಾತ್ರ ಅವ್ವ ಒಪ್ಪಲಿಲ್ಲ. ಅವರು ಹಣ್ಣು ಹೂವು ಹಿಡಿದು ಮನೆಗೇ ಬಂದು ಕೇಳಿದರು. ಅವ್ವ ಹಣ್ಣು ತೆಗೆದುಕೊಂಡಳು. "ಗೇಟಿನಾಗೆ ನಿಂತು ಕಾಯಾಕೆ ನಾನು ಯಾರ ಮನೆ ಜೀತಕ್ಕೂ ಬಂದಿಲ್ಲಪ್ಪ. ತೆಗಿ" ಎಂದಳು.

ಅವರು ಒಪ್ಪಿದರು. ಆದರೆ ಹೋಗುವ ಬದಲು ಬಾಗಿಲಲ್ಲೇ ನಿಂತರು. "ತೆಗೆದು ಏನ್ ಮಾಡ್ಲಿ ಅಮ್ಮಾ? ನೀವು ಬ್ಯಾಡ ಅಂದ್ರೆ ಒಡಿಬೇಕಾಗ್ತದೆ ಅಂತ ಪೇಂಟರ್‌ಗೆ ಮೊದ್ಲೇ ಹೇಳಿದ್ದೆ, ಅವ್ನು ಸುತ್ತಿಗೆನೇ ಮುಟ್ಟಲ್ಲ ಅಂದ. ಬದುಕಿರೋರ ಮುಖ ಒಡಿಯಾಕೆ ಕೈ ಬರಲ್ಲ ಅಂತಾನೆ. ಕೆರೆಗೆ ಬಿಡಾಕೂ ಆಗಲ್ಲ. ಅದು ಇನ್ನೂ ಕೆಟ್ಟದ್ದು."

ನಮಗೂ ತಿಳಿಯಲಿಲ್ಲ. ಅಂಥ ವಸ್ತುವನ್ನು ಮೂಲೆಗೆ ಹಾಕಿದರೂ ಕಷ್ಟ, ಮನೆಗೆ ತಂದರೂ ಕಷ್ಟ. ನನ್ನ ಗಂಡ ಕೂಡ ಪೇಪರು ಮಡಚಿಟ್ಟು ಯೋಚಿಸತೊಡಗಿದರು. ಅವ್ವ ಎಲೆ ಮಡಚುತ್ತಾ, "ಒಡಿಯೋದು ಬ್ಯಾಡ. ನನ್ನನ್ನ ಅದ್ರಿಂದ ತೆಗೀರಿ. ನಾನೇ ಬಂದು ಹೇಳ್ತೀನಿ" ಎಂದಳು.

ಹಾಗೆ ಮತ್ತೊಮ್ಮೆ ಹೋದೆವು. ಅವತ್ತು ಗೇಟಿಗೆ ಬೀಗ ಹಾಕಿಸಿದ್ದರು. ಪೇಂಟರು ಉಪ್ಪುಕಾಗದ, ಗುಳಿ ಮುಚ್ಚಲು ಮೆತ್ತುವ ಪಟ್ಟಿಯ ಡಬ್ಬ, ಬಣ್ಣ ಇಟ್ಟುಕೊಂಡು ಕಾಯುತ್ತಿದ್ದ. ಅವ್ವನಿಗೆ ಪ್ಲಾಸ್ಟಿಕ್ ಕುರ್ಚಿ ಹಾಕಿದರು.

"ಮೂಗುಬೊಟ್ಟು ಮೊದ್ಲು" ಎಂದಳು.

ಉಜ್ಜಿದ. ಎರಡೂ ಹೋದವು.

"ಮಚ್ಚೆ."

ಮಚ್ಚೆ ಹೋಯಿತು. ಅವನು ಹಿಂದೆ ಸರಿದು ಅವ್ವನ ಕಡೆ ನೋಡಿದ. ಅವ್ವ ಕತ್ತು ಓರೆ ಮಾಡಿ ನೋಡಿ, "ಇನ್ನೂ ನಾನೇ ಅದೀನಿ" ಎಂದಳು.

ಎಲೆಅಡಿಕೆ ಚೀಲ ಹೋಯಿತು. ಗುಳಿ ಬಿದ್ದ ಕೆನ್ನೆಗೆ ಪಟ್ಟಿ ತುಂಬಿ ಗುಂಡಗೆ ಮಾಡಿದ. ಹಣೆಯ ಗೆರೆಗಳನ್ನು ಮುಚ್ಚಿದ. ಪ್ರತಿ ಸಲವೂ ಅವ್ವ "ಇನ್ನೂ ನಾನೇ" ಅನ್ನುತ್ತಿದ್ದಳು, ದರ್ಜಿಗೆ ಕುಪ್ಪಸದ ಅಳತೆ ಹೇಳುವಷ್ಟು ಸಮಾಧಾನದಲ್ಲಿ.  ಅಲ್ಲಿ ಅಳಿಯುತ್ತಿದ್ದದ್ದು ಫೈಬರೇ ಎಂದು ಎಷ್ಟು ಸಲ ಹೇಳಿಕೊಂಡರೂ ನನ್ನ ಕಣ್ಣು ಒಪ್ಪುತ್ತಿರಲಿಲ್ಲ. ಮಗಳು ನಡುವೆಯೇ ಎದ್ದು ರೆಕ್ಕೆಯ ಕುದುರೆಯ ಹಿಂದೆ ಹೋಗಿ ನಿಂತಳು.

ಕೊನೆಗೆ ಉಳಿದದ್ದು ಕಣ್ಣು. ಪೇಂಟರ್ ಕುಂಚ ಎತ್ತಿದವನು ಹಾಗೇ ನಿಂತ. "ಕಣ್ಣು ಹೆಂಗೆ ಅಮ್ಮಾ? ನೀವು ನೋಡ್ತಿರೋವಾಗ್ಲೇ ಮುಚ್ಲಾ?"

"ನಂದು ನನ್ನತ್ರಾನೇ ಐತಲ್ಲಪ್ಪ. ಬಳಿ."

ಬಿಳಿ ಬಣ್ಣ ಬಳಿದು, ಒಣಗಿದ ಮೇಲೆ ಬೇರೆ ಎರಡು ಕಣ್ಣು ಬರೆದ. ಎಲ್ಲೋ ಕಂಡ, ಯಾರದೂ ಅಲ್ಲದ ಎರಡು ದೊಡ್ಡ ಕಣ್ಣು. ಅವ್ವ ಕುರ್ಚಿಯಿಂದ ಎದ್ದು ಹತ್ತಿರ ಹೋಗಿ ಗೊಂಬೆಯ ಮುಖವನ್ನು ಮೇಲಿಂದ ಕೆಳಗೆ ನೋಡಿದಳು.

"ಈಗ ಇದು ಯಾರೋ ನಂಗೊತ್ತಿಲ್ಲ. ಇಟ್ಕಳಪ್ಪ."

ಮಾಲೀಕರು ಕೈ ಮುಗಿದರು. ಗೊಂಬೆಯ ಕಡೆ ನೋಡಲು ಅವರಿಗೂ ಆಗುತ್ತಿರಲಿಲ್ಲ.

ಬರುವಾಗ ಬಸ್ಸಿನಲ್ಲಿ ಅವ್ವನಿಗೆ ಕಿಟಕಿಯ ಪಕ್ಕ ಸೀಟು ಸಿಕ್ಕಿತು. ಮಗಳು ಅವಳ ಹೆಗಲಿಗೆ ತಲೆ ಕೊಟ್ಟು ಕಣ್ಣು ಮುಚ್ಚಿದ್ದಳು. ನಾನು ಎದುರು ನಿಂತು ಕಂಬಿ ಹಿಡಿದಿದ್ದೆ. ಎಡ ಮೂಗುಬೊಟ್ಟು ಇದೆ, ಬಲದ್ದು ಇದೆ. ಮಚ್ಚೆ ಇದೆ. ಹಣೆಯ ಗೆರೆಗಳಿವೆ. ಮತ್ತೆ ಮೂಗಿನಿಂದ ಶುರು ಮಾಡಿದೆ.

"ಏನೇ ಹಂಗೆ ನೋಡ್ತೀಯ ನನ್ನ?" ಎಂದಳು ಅವ್ವ.

"ಏನಿಲ್ಲ ಬಿಡವ್ವ" ಎಂದೆ. ಬಸ್ಸು ಊರು ಸೇರುವವರೆಗೂ ನೋಡುವುದು ಬಿಡಲಾಗಲಿಲ್ಲ.